‘ಎದ್ದು ನಿಂದ್ರೋದು ಬ್ಯಾಡ್ರಿ ಮೇಡಂ’

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿಗೆ, ಮುಂದಿನ ಓದು, ಸ್ಕಾಲರ್‌ಶಿಪ್ ಬಗ್ಗೆ ಮಕ್ಕಳಿಗೆ ಸಲಹೆ ಕೊಡಲು ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಜನವರಿ ಬಂತೆಂದರೆ ಸೆಕೆಂಡ್ ಪಿಯು ಮಕ್ಕಳ ಮಾತು ಒಂದೇ ಕಡೆ ತಿರುಗುತ್ತದೆ. ‘ಮುಂದ ಓದಾಕ ಮನಸಿಲ್ಲರಿ’ ಅನ್ನುತ್ತಾರೆ. ಸ್ವಲ್ಪ ಹೊತ್ತು ಜೊತೆಗೆ ಕೂತರೆ ದುಡ್ಡಿನ ಮಾತು ಹೊರಗೆ ಬರುತ್ತದೆ.

ಅಲ್ಲಿನ ಸೆಕೆಂಡ್ ಪಿಯು ಹುಡುಗಿಯೊಬ್ಬಳ ವಿಷಯ ಬರೆಯುತ್ತಿರುವುದು, ಇವಳು ಹೇಳಿದಂಥ ಮಾತನ್ನೇ ಬೇರೆ ಮಕ್ಕಳ ಬಾಯಲ್ಲೂ ಕೇಳಿದ್ದರಿಂದ. ಅವಳ ಮತ್ತು ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸ. ತಾಯಿ ಊರಲ್ಲೇ ಇದ್ದು ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕೂಲಿಗೆ ಹೋಗುತ್ತಾರೆ. ಹುಡುಗಿ ಹತ್ತನೇ ತರಗತಿವರೆಗೂ ಊರಿನ ಸರ್ಕಾರಿ ಶಾಲೆಯಲ್ಲೇ ಓದಿದವಳು. ಪಿಯುನಲ್ಲಿ ಸೈನ್ಸ್. ಬಿಎಸ್‌ಸಿ ನರ್ಸಿಂಗ್ ಮಾಡುವ ಆಸೆ.

ನನ್ನ ಹತ್ತಿರ ಮೊದಲು ಬಂದವರು ತಾಯಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು.

‘ಎರಡು ವರ್ಷ ಆತ್ರಿ ಮೇಡಂ, ನಮ್ಮ ಹುಡುಗಿಗೆ ಸ್ಕಾಲರ್‌ಶಿಪ್ ಬಂದಿಲ್ಲ. ನಾಕು ಸಲ ಬ್ಯಾಂಕಿಗೆ ಅಡ್ಡಾಡಿನಿ. ಕೂಲಿ ಬಿಟ್ಟು ಹೋಗಬೇಕ್ರಿ.’

ಇದು ನಾನು ದಿನಾ ನೋಡುವ ಸಮಸ್ಯೆ ಅಂದುಕೊಂಡೆ. ಸ್ಕಾಲರ್‌ಶಿಪ್ ದುಡ್ಡು ಬರುವುದು ಆಧಾರ್ ಮೂಲಕ. ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದೇವೆ ಅಂದರೆ ಸಾಲದು, ಆ ಖಾತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಆಧಾರ್ ಮೂಲಕ ಬರುವ ದುಡ್ಡು ಇದೇ ಖಾತೆಗೆ ಅಂತ ಜೋಡಣೆಯಾಗಿರಬೇಕು. ಎರಡು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದ ಖಾತೆಗೆ ದುಡ್ಡು ಹೋಗುತ್ತದೆ. ಕೆಲವರು ಒಂದು ಪಾಸ್‌ಬುಕ್ ಹಿಡಿದು ವರ್ಷಗಟ್ಟಲೆ ಕಾಯುತ್ತಾರೆ, ದುಡ್ಡು ಮರೆತುಹೋದ ಇನ್ನೊಂದು ಖಾತೆಯಲ್ಲಿರುತ್ತದೆ. ‘ಅಕ್ಕಾ, ಮಗಳನ್ನ ಕಳಿಸಿ, ನೋಡೋಣ’ ಅಂದೆ.

ಮರುವಾರ ಹುಡುಗಿ ಬಂದಳು. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ತೆರೆದೆವು. ಅವಳ ಹೆಸರಲ್ಲಿ ಒಂದು ಅರ್ಜಿಯೂ ಇರಲಿಲ್ಲ. ತಲೆ ತಗ್ಗಿಸಿ, ‘ಹಾಕೇ ಇಲ್ರಿ’ ಅಂದಳು. ಅವ್ವನಿಗೆ ಮಾತ್ರ ಎರಡು ವರ್ಷ ‘ಇನ್ನೂ ಬಂದಿಲ್ಲ’ ಅನ್ನುತ್ತಾ ಬಂದಿದ್ದಳು.

ಆ ವರ್ಷದ ಅರ್ಜಿಗೆ ಇನ್ನೂ ದಿನ ಇತ್ತು. ‘ಈಗಲೇ ಹಾಕೋಣ, ಜಾತಿ ಪ್ರಮಾಣಪತ್ರ ಇದೆಯಾ?’ ಅಂದೆ. ಫಿಸಿಕ್ಸ್ ರೆಕಾರ್ಡಿನ ರಟ್ಟಿನ ಒಳಗಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದಳು. ಮಡಿಕೆ ಬಿದ್ದ ಕಡೆ ಸವೆದು ಬೆಳಕು ಕಾಣುತ್ತಿತ್ತು. ಆರ್‌ಡಿ ನಂಬರಿನ, ಅಂದರೆ ಆ ಪ್ರಮಾಣಪತ್ರದ ಸಂಖ್ಯೆಯ ಸುತ್ತ ನೀಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಅರ್ಜಿ ಹಾಕಬೇಕು ಅಂತ ಅಲ್ಲಿಯವರೆಗೆ ಬಂದು ನಿಂತಿದ್ದಳು ಅಂತಾಯಿತು. ಆಧಾರ್, ವಿದ್ಯಾರ್ಥಿಯ ಗುರುತಿನ ಸ್ಯಾಟ್ಸ್ ನಂಬರ್ ಎಲ್ಲ ತಾನೇ ಟೈಪ್ ಮಾಡಿದಳು. ಜಾತಿ ಪ್ರಮಾಣಪತ್ರದ ಜಾಗ ಬಂದಾಗ ಫೋನನ್ನು ನನ್ನ ಕಡೆ ಸರಿಸಿದಳು.

‘ಇದು ಬ್ಯಾಡ್ರಿ. ಮಾರ್ಕ್ಸ್ ಮ್ಯಾಲೆ ಕೊಡೋದಿದ್ರ ಹೇಳ್ರಿ.’

ಮಾರ್ಕ್ಸ್ ಮೇಲೆ ಕೊಡುವುದೂ ಇದೆ. ಕೇಂದ್ರ ಸರ್ಕಾರದ ಪಿಎಂ ಉಚ್ಚತರ ಶಿಕ್ಷಾ ಪ್ರೋತ್ಸಾಹನ್ ಯೋಜನೆ. ಬೋರ್ಡ್ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ನೂರಕ್ಕೆ 80 ಮಕ್ಕಳಿಗಿಂತ ಮುಂದಿರಬೇಕು, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಬಾರದು. ಡಿಗ್ರಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ಆದರೆ ಬೇರೆ ವಿದ್ಯಾರ್ಥಿವೇತನ ತೆಗೆದುಕೊಂಡರೆ ಇದು ಸಿಗುವುದಿಲ್ಲ. ಮೆರಿಟ್ ಅನ್ನುವ ಈ ಯೋಜನೆಗೂ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕೇ ಬೇಕು ಅಂತ ಅವಳಿಗೆ ಹೇಳಿದೆ.

ಆಮೇಲೆ ಒಂದು ತಪ್ಪು ಮಾಡಿದೆ. ಪಾಠ ಶುರು ಮಾಡಿದೆ. ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ 1944ರಲ್ಲೇ ಶುರುವಾಗಿದ್ದು, ಸ್ವಾತಂತ್ರ್ಯಕ್ಕಿಂತ ಮೊದಲು. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಇದು ಭಿಕ್ಷೆಯಲ್ಲ, ನಿನ್ನ ಹಕ್ಕು. ಹೀಗೇ ಹೇಳುತ್ತಾ ಹೋದೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಅವಳು ಸುಮ್ನೆ ಕೇಳಿಸಿಕೊಂಡಳು.

‘ಅದೆಲ್ಲ ಗೊತ್ತೈತ್ರಿ ಮೇಡಂ. ನಮ್ಮನಿ ಗೋಡಿ ಮ್ಯಾಲೆ ಅವರ ಫೋಟೊ ಐತಿ.’ ಸ್ವಲ್ಪ ತಡೆದು ಮುಂದುವರಿಸಿದಳು. ‘ರೊಕ್ಕ ಬ್ಯಾಡಂತಲ್ಲರಿ. ಎದ್ದು ನಿಂದ್ರೋದು ಬ್ಯಾಡ್ರಿ.’

ನನಗೆ ಅರ್ಥವಾಗಲಿಲ್ಲ. ಏನೂ ಕೇಳದೆ ಕೂತೆ. ಅವಳೇ ಹೇಳಿದಳು.

‘ಫಸ್ಟ್ ಪಿಯುದಾಗ ಆಫೀಸಿನ್ಯಾಗಿಂದ ಒಬ್ರು ಕ್ಲಾಸಿಗೆ ಬಂದ್ರು. ಎಸ್ಸಿ, ಎಸ್ಟಿ ಹುಡುಗ್ರೆಲ್ಲ ಎದ್ದು ನಿಂದ್ರಿ, ಸ್ಕಾಲರ್‌ಶಿಪ್ ಅಂದ್ರು. ಬೊಟ್ಟು ಮಾಡಿ ಎಣಿಸಿದ್ರು. ನನ್ನ ಬಾಜು ಕುಂದ್ರೋ ಹುಡುಗಿ ದಿನಾ ನನ್ನ ಬಾಟ್ಲಿ ನೀರು ಕುಡೀತಿದ್ಲು. ಮರುದಿನದಿಂದ ಕುಡೀಲಿಲ್ಲರಿ.’

ಎರಡು ವರ್ಷ ಸ್ಕಾಲರ್‌ಶಿಪ್ ನಿಂತಿದ್ದು ಇಲ್ಲಿ. ಪೋರ್ಟಲ್, ಮ್ಯಾಪಿಂಗ್, ಮಾಹಿತಿ ಕೊರತೆ ಅಂತ ನಾನು ಎಲ್ಲೆಲ್ಲೋ ಹುಡುಕುತ್ತಿದ್ದೆ. ಬಂದು ನಿಲ್ಲಿಸಿದವರಿಗೆ ಕೆಟ್ಟ ಮನಸ್ಸಿರಲಿಲ್ಲ ಅಂತ ನಂಬುತ್ತೇನೆ. ಒಂದು ಮಗುವಿಗೂ ತಪ್ಪಿಹೋಗಬಾರದು ಅಂತಲೇ ಎಣಿಸಿರಬಹುದು. ಆದರೂ ಅರವತ್ತು ಮಕ್ಕಳ ಎದುರು ಅವಳ ಜಾತಿಯನ್ನು ಅವಳ ಕೈಯಲ್ಲೇ ಹೇಳಿಸಿದಂತಾಯಿತು. ಅದನ್ನು ತಿಳಿದೂ ‘ಹಕ್ಕು’ ಅಂತ ಮತ್ತೆ ಪಾಠ ಮಾಡುವುದು ನನ್ನಿಂದ ಆಗಲಿಲ್ಲ. ‘ನಿನ್ನನ್ನ ಹಾಗೆ ನಿಲ್ಲಿಸಬಾರದಿತ್ತು’ ಅಂದೆ. ಅವಳು ಅತ್ತಳು.

ಅಳು ನಿಂತ ಮೇಲೆ ಕೇಳಿದೆ. ‘ನಿನ್ನ ಪಕ್ಕ ಕೂರೋ ಆ ಹುಡುಗಿ ಮನೆಯಲ್ಲಿ ಜಮೀನು ಇದೆಯಾ?’

‘ಐತ್ರಿ. ಕಾಲುವಿ ನೀರಿಂದು, ನಾಕು ಎಕರೆ ಗದ್ದಿ.’

‘ರೈತರ ಮಕ್ಕಳಿಗೆ ಅಂತ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಪಿಯು ಹುಡುಗಿಗೆ 3,000 ರೂಪಾಯಿ ಅಂತ ಇಟ್ಟರು. ಅದಕ್ಕೂ ಇದೇ ಪೋರ್ಟಲ್. ಹಿಂದುಳಿದ ವರ್ಗದ ಮಕ್ಕಳೂ ಇಲ್ಲೇ ಅರ್ಜಿ ಹಾಕ್ತಾರೆ, ಅಲ್ಪಸಂಖ್ಯಾತರ ಮಕ್ಕಳೂ ಇಲ್ಲೇ. ಅವರನ್ನ ಯಾರೂ ಎದ್ದು ನಿಲ್ಲಿ ಅನ್ನಲಿಲ್ಲ ಅಷ್ಟೆ.’

ಅವಳು ತುಂಬಾ ಹೊತ್ತು ಫೋನನ್ನೇ ನೋಡಿದಳು. ‘ಈಗ ಹಾಕಿದ್ರ ಕ್ಲಾಸಿನ್ಯಾಗ ಕರೀತಾರೇನ್ರಿ?’ ಅಂದಳು. ಇಲ್ಲ ಅಂದೆ. ಅರ್ಜಿ ಆನ್‌ಲೈನ್, ದಾಖಲೆಯ ಇ-ದೃಢೀಕರಣಕ್ಕೆ ಆಫೀಸಿಗೆ ಒಮ್ಮೆ ಹೋದರಾಯಿತು, ನಾನೇ ಜೊತೆಗೆ ಬರುತ್ತೇನೆ ಅಂದೆ. ಆರ್‌ಡಿ ನಂಬರನ್ನು ಅವಳೇ ಹಾಕಿದಳು.

ಆಮೇಲಿನದು ಕೆಲಸದ ಮಾತು. ಆಧಾರ್‌ನಲ್ಲಿ ಬರೀ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮುಂದೆ ತಂದೆಯ ಹೆಸರೂ ಇತ್ತು. ಫಲಿತಾಂಶ ಬರುವ ಮೊದಲೇ ಇದನ್ನು ಸರಿ ಮಾಡಿಸಿಕೋ ಅಂದೆ. ಜೂನ್‌ನಲ್ಲಿ ಆಧಾರ್ ಕೇಂದ್ರದ ಮುಂದೆ ಸಾಲು ಕರಗುವುದಿಲ್ಲ. ನರ್ಸಿಂಗ್ ಸೀಟಿಗೆ 371(ಜೆ) ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವಳು ಅನ್ನುವ ಕಾಗದ, ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಲು ಹೇಳಿದೆ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನವರಿಗೇ ಅಂತ ಇದ್ದರೂ ಆ ಕಾಗದ ಕೈಯಲ್ಲಿಲ್ಲದೆ ಕೇಳುವಂತಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲಿಗೂ ಅರ್ಜಿ ಹಾಕಬೇಕು. ಊಟ, ವಸತಿ ಅಲ್ಲೇ ಆದರೆ ಅರ್ಧ ಭಾರ ಇಳಿಯುತ್ತದೆ. ತಂದೆ ಅಷ್ಟು ವರ್ಷ ಗಾರೆ ಕೆಲಸ ಮಾಡಿಯೂ ಲೇಬರ್ ಕಾರ್ಡ್ ಮಾಡಿಸಿರಲಿಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅವರ ಮಕ್ಕಳ ಓದಿಗೂ ಅಲ್ಲಿ ಸಹಾಯಧನ ಇದೆ. ಅದನ್ನು ಅಪ್ಪನಿಗೆ ಫೋನ್ ಮಾಡಿ ಅವಳೇ ಹೇಳಿದಳು.

ಇನ್ನೊಂದು ದಾರಿಯೂ ಇತ್ತು. ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಡಿಗ್ರಿ ಸೇರಿದ ಮೇಲೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅದು ಜಾತಿ ನೋಡಿ ಕೊಡುವುದಲ್ಲ. ಸಹೋದ್ಯೋಗಿಯೊಬ್ಬರು ಕೇಳಿದರು, ‘ಅದೊಂದನ್ನೇ ಹೇಳಿದ್ದರೆ ಸಾಕಿತ್ತಲ್ವಾ? ಹುಡುಗಿಗೆ ನೋವಾಗೋ ಅರ್ಜಿಯನ್ನೇ ಯಾಕೆ ಹಾಕಿಸಿದಿರಿ?’ ಈ ಮಾತು ನನ್ನನ್ನು ಕೆಲವು ದಿನ ಕಾಡಿತು. ಆದರೂ ನನ್ನ ಸಲಹೆ ಸರಿ ಅಂತಲೇ ಈಗಲೂ ಅನಿಸುತ್ತದೆ. ನರ್ಸಿಂಗ್ ನಾಲ್ಕು ವರ್ಷದ ಓದು. ಒಂದೇ ಕಡೆಯ ದುಡ್ಡು ನಂಬಿ ಹೋದರೆ, ಅದು ತಡವಾದ ವರ್ಷ ತಾಯಿ ಬಡ್ಡಿಗೆ ಸಾಲ ತರುತ್ತಾರೆ. ಅಲ್ಲದೆ ಜಾತಿ ಪ್ರಮಾಣಪತ್ರ ಸೀಟಿಗೆ, ಹಾಸ್ಟೆಲಿಗೆ, ನಾಳೆ ಕೆಲಸಕ್ಕೂ ಬೇಕಾಗುತ್ತದೆ. ಪ್ರತಿ ಸಲ ಅವಳು ಅದನ್ನು ರೆಕಾರ್ಡಿನೊಳಗೆ ಬಚ್ಚಿಟ್ಟುಕೊಂಡು ಓಡಾಡುವುದು ನನಗೆ ಬೇಡವಾಗಿತ್ತು. ಅಜೀಂ ಪ್ರೇಮ್‌ಜಿಯದನ್ನೂ ಹೇಳಿದೆ. ಆದರೆ ಕೊನೆಗೆ ಹೇಳಿದೆ.

ತಾಯಿಗೆ ನಿಜ ಹೇಳುವುದು ನನ್ನ ಕೆಲಸವಲ್ಲ, ಅವಳದು. ಮೂರು ವಾರ ತೆಗೆದುಕೊಂಡಳು. ತಾಯಿ ಬೈಯಲಿಲ್ಲವಂತೆ. ‘ನಾಕು ಸಲ ಬ್ಯಾಂಕಿಗೆ ಹೋಗಿದ್ದೆನಲ್ಲವ್ವಾ’ ಅಂತಷ್ಟೇ ಅಂದರಂತೆ. ಮೊದಲ ವರ್ಷದ ದುಡ್ಡು ಇನ್ನು ಬರುವುದಿಲ್ಲ.

ಅವಳ ಹೆಸರೆತ್ತದೆ ಪ್ರಾಂಶುಪಾಲರ ಹತ್ತಿರ ಮಾತಾಡಿದೆ. ಯಾರನ್ನೂ ನಿಲ್ಲಿಸುವುದು ಬೇಡ, ಎಲ್ಲ ಯೋಜನೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಇಡೀ ಕ್ಲಾಸಿಗೆ ಹಂಚಿ, ತಮಗೆ ಬೇಕಾದ್ದಕ್ಕೆ ಟಿಕ್ ಹಾಕಿ ಮಡಚಿ ವಾಪಸ್ ಕೊಡಲಿ ಅಂತ ಕೇಳಿಕೊಂಡೆ. ಅವರು ಒಪ್ಪಿದರು. ಹೊಲ ಇದ್ದವರ ಮಕ್ಕಳು, ಗಾರೆ ಕೆಲಸದವರ ಮಕ್ಕಳು, ಎಲ್ಲರ ಕೈಯಲ್ಲೂ ಅದೇ ಹಾಳೆ. ಕಳೆದ ವಾರ ಹೋದಾಗ ಆಫೀಸಿನ ಬಾಗಿಲಲ್ಲಿ ಉದ್ದ ಸಾಲಿತ್ತು. ಗುಮಾಸ್ತರು ತಲೆ ಎತ್ತದೆ ಹೇಳಿದರು, ‘ಈ ಸಲ ಎಲ್ಲಾರೂ ಬರಾಕತ್ಯಾರ್ರಿ ಮೇಡಂ.’