ಒಂದೇ ಗೋಡೆಯೊಳಗಿನ ಮೂರು ಮಣ್ಣು

ಪ್ರಶ್ನೆ: ಫ್ರಾನ್ಸಿನಲ್ಲಿ ಕೆಲಸದಲ್ಲಿರುವ ನನ್ನ ಮಗ ರಜೆಗೆ ಬಂದಾಗ ‘ಕ್ಲೋ ದ ವೂಜೋ’ ಎಂಬ ಹೆಸರಿನ ಎರಡು ಬಾಟಲಿ ವೈನ್ ತಂದಿದ್ದ. ಎರಡರ ಮೇಲೂ ತೋಟದ ಹೆಸರು ಒಂದೇ, ಇಸವಿಯೂ ಒಂದೇ, ತಯಾರಕರು ಮಾತ್ರ ಬೇರೆ. ಒಂದು ಗಾಢವಾಗಿ, ಬಾಯಲ್ಲಿ ಬಹಳ ಹೊತ್ತು ನಿಲ್ಲುವಂತಿತ್ತು; ಇನ್ನೊಂದು ತೆಳ್ಳಗೆ ನೀರುನೀರಾಗಿತ್ತು. ಇದಕ್ಕೆ ಮಣ್ಣೇ ಕಾರಣವೆಂದು ಅವನ ವಾದ. ಮೂವತ್ತು ವರ್ಷ ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡಿದವನು ನಾನು. ಒಂದೇ ತೋಟದೊಳಗೆ ಮಣ್ಣು ಅಷ್ಟು ಬದಲಾಗಲು ಸಾಧ್ಯವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಸಾಧ್ಯ. ಅದರಲ್ಲೂ ನೀವು ಹೆಸರಿಸಿದ ತೋಟ ಈ ಮಾತಿಗೆ ಹೇಳಿ ಮಾಡಿಸಿದ ಉದಾಹರಣೆ. ಆದರೆ ನಿಮ್ಮ ಮಗನ ವಾದ ಅರ್ಧ ಮಾತ್ರ ಸರಿ. ಉಳಿದರ್ಧ ಮಾಲೀಕತ್ವದ ಕಥೆ.

ಕ್ಲೋ ದ ವೂಜೋ ಇರುವುದು ಬರ್ಗಂಡಿ ಪ್ರಾಂತ್ಯದಲ್ಲಿ, ದಿಜೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ. 1098ರಲ್ಲಿ ಸ್ಥಾಪನೆಯಾದ ಸಿತೊ ಮಠದ ಸನ್ಯಾಸಿಗಳು ಹನ್ನೆರಡನೆಯ ಶತಮಾನದ ಆರಂಭದಿಂದ ದಾನವಾಗಿ ಬಂದ ಮತ್ತು ಕೊಂಡ ತುಂಡು ಭೂಮಿಗಳನ್ನು ಒಂದಕ್ಕೊಂದು ಸೇರಿಸುತ್ತ ಹೋಗಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಸುತ್ತಲೂ ಕಲ್ಲಿನ ಗೋಡೆ ಕಟ್ಟಿ ಮುಗಿಸಿದರು. ‘ಕ್ಲೋ’ ಎಂದರೆ ಹೀಗೆ ಗೋಡೆ ಹಾಕಿದ ತೋಟವೇ. ಒಳಗಿನ ವಿಸ್ತಾರ ಸುಮಾರು 50 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 125 ಎಕರೆ. ಬೆಳೆಯುವ ಕೆಂಪು ತಳಿ ಪಿನೊ ನ್ವಾರ್ ಒಂದೇ.

ಈ ಗೋಡೆಯ ಕೆಳತುದಿ ಹೆದ್ದಾರಿಗೆ ತಾಗಿಕೊಂಡಿದ್ದು ಸಮುದ್ರಮಟ್ಟದಿಂದ ಸುಮಾರು 240 ಮೀಟರ್ ಎತ್ತರದಲ್ಲಿದೆ. ಮೇಲ್ತುದಿ ಅದಕ್ಕಿಂತ ಹತ್ತಿಪ್ಪತ್ತು ಮೀಟರ್ ಎತ್ತರದಲ್ಲಿದೆ, ಅಷ್ಟೇ. ನಡೆದು ಹೋದರೆ ಏರು ಹತ್ತಿದ ಆಯಾಸವೂ ಆಗದು. ಆದರೆ ಮೇಲಿನ ಭಾಗದಲ್ಲಿ ಮೇಲ್ಮಣ್ಣು ಮೊಣಕೈ ಆಳಕ್ಕಿಂತ ಹೆಚ್ಚಿಲ್ಲ, ಸುಮಾರು 40 ಸೆಂಟಿಮೀಟರ್. ಅದರ ಕೆಳಗೆ ಬಿರುಕುಬಿಟ್ಟ ಸುಣ್ಣಕಲ್ಲು, ಸುಮಾರು 17 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿದ್ದಾಗ ಜಲಚರಗಳ ಚಿಪ್ಪು ಶೇಖರವಾಗಿ ಆದದ್ದು. ನಡುಭಾಗದಲ್ಲಿ ಜೇಡಿಯ ಪಾಲು ಏರುತ್ತದೆ. ಕೆಳಗೆ ಬಂದಂತೆ ಇಳಿಜಾರಿನಿಂದ ಶತಮಾನಗಳ ಕಾಲ ಕೊಚ್ಚಿಬಂದ ಮಣ್ಣು ಸುಮಾರು ಒಂದು ಮೀಟರ್ ಆಳಕ್ಕೆ ಕೂತಿದೆ. ಅಂಟು, ಭಾರ, ನೀರು ಬೇಗ ಇಳಿಯದು. ಮೇಲಿನದರಿಂದ ಒಂದು ಹಿಡಿ ಮಣ್ಣು ತೆಗೆದು ನೀರು ಹಾಕಿ ಅಂಗೈಯಲ್ಲಿ ಹೊಸೆದರೆ ಹರಳು ಚುಚ್ಚಿ ಉದುರಿಹೋಗುತ್ತದೆ. ಅದರಲ್ಲಿರುವ ಬಿಳಿ ಚೂರಿನ ಮೇಲೆ ವಿನೆಗರ್ ಹನಿಸಿದರೆ ನೊರೆಯೇಳುತ್ತದೆ. ಕೆಳಗಿನ ಮಣ್ಣು ಅದೇ ಅಂಗೈಯಲ್ಲಿ ಬತ್ತಿಯಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಗರಸು ಭೂಮಿಗೂ ಎರೆ ಭೂಮಿಗೂ ಇರುವ ಅಂತರ ನಿಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಅಂಥದೇ ಅಂತರ ಒಂದೇ ಗೋಡೆಯೊಳಗಿದೆ.

ಇನ್ನು ಇದು ಹಣ್ಣಿಗೆ ಹೇಗೆ ಮುಟ್ಟುತ್ತದೆ ಎಂಬುದು. ಮಣೂಕಕ್ಕೆ ಬಿಟ್ಟ ಪಡದಲ್ಲಿ ಕೊಯ್ಲು ಹತ್ತಿರವಾದಾಗ ಹನಿ ನೀರನ್ನು ಕಡಿಮೆ ಮಾಡಿ ಸಕ್ಕರೆ ಏರಿಸುವುದು ನಿಮಗೆ ಗೊತ್ತಿರುವ ಕ್ರಮ. ವೂಜೋದಲ್ಲಿ ನೀರು ಹಾಯಿಸುವ ಪದ್ಧತಿಯೇ ಇಲ್ಲ. ನೀವು ವಾಲ್ವ್ ತಿರುಗಿಸಿ ಮಾಡುವ ಕೆಲಸವನ್ನು ಅಲ್ಲಿ ಕಲ್ಲು ಮಾಡುತ್ತದೆ. ಮೇಲ್ಭಾಗದಲ್ಲಿ ಸುರಿದ ಮಳೆಯ ಹೆಚ್ಚುವರಿ ನೀರು ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಆದರೆ ಬೇರು ಆ ಬಿರುಕುಗಳನ್ನೇ ಹಿಡಿದು ಆಳಕ್ಕೆ ಹೋಗುವುದರಿಂದ ಬಳ್ಳಿ ಬಾಡುವುದೂ ಇಲ್ಲ. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಸಣ್ಣದೊಂದು ನೀರಿನ ಬಿಗುವು ಉಂಟಾಗಿ ಚಿಗುರು ನಿಲ್ಲುತ್ತದೆ, ಕಾಯಿ ಸಣ್ಣದಾಗಿಯೇ ಉಳಿಯುತ್ತದೆ. ಕೆಂಪು ವೈನಿನ ಬಣ್ಣವೂ ಒಗರೂ ಬಹುಪಾಲು ಸಿಪ್ಪೆಯಿಂದ ಬರುವಂಥವು. ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ಕೆಳಭಾಗದಲ್ಲಿ ಒದ್ದೆ ಜೇಡಿ ಬಳ್ಳಿಯನ್ನು ಆಗಸ್ಟ್‌ವರೆಗೂ ಎಲೆ ಬಿಡಲು ಪ್ರೋತ್ಸಾಹಿಸುತ್ತದೆ, ಕಾಯಿ ಊದಿಕೊಳ್ಳುತ್ತದೆ, ಮಾಗುವುದು ತಡವಾಗುತ್ತದೆ. ನಿಮ್ಮ ಎರಡನೆಯ ಬಾಟಲಿ ಅಲ್ಲಿಯದೇ ಎಂದು ಆಣೆ ಇಟ್ಟು ಹೇಳಲಾಗದು, ಏಕೆಂದರೆ ತಯಾರಕರ ಕೈಗುಣವೂ ಅದರಲ್ಲಿ ಸೇರಿರುತ್ತದೆ. ಆದರೂ ಲಕ್ಷಣ ಹೊಂದುತ್ತದೆ.

ಮಠದ ಕಾಲದಲ್ಲಿ ಈ ವ್ಯತ್ಯಾಸ ಯಾರನ್ನೂ ಕಾಡಿರಲಿಕ್ಕಿಲ್ಲ. ಮೇಲಿನ ವೈನ್ ಪೋಪರಿಗೆ ಮತ್ತು ಅರಸರಿಗೆ, ನಡುವಿನದು ಬಿಷಪ್ಪರಿಗೆ, ಕೆಳಗಿನದು ಸನ್ಯಾಸಿಗಳಿಗೇ ಎಂದು ಹಂಚುತ್ತಿದ್ದರೆಂಬ ಕಥೆಯೊಂದಿದೆ. ಕಥೆಯೇ ಇರಬಹುದು. ಒಬ್ಬನೇ ಒಡೆಯನಿದ್ದಾಗ ಯಾವ ಪಟ್ಟಿಯ ರಸವನ್ನು ಯಾವುದಕ್ಕೆ ಎಷ್ಟು ಬೆರೆಸಬೇಕೆಂಬ ಸ್ವಾತಂತ್ರ್ಯ ಇತ್ತೆಂಬುದು ಮಾತ್ರ ಖಚಿತ. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿ ಮುಟ್ಟುಗೋಲಾಗಿ ತೋಟ ಖಾಸಗಿಯವರ ಕೈಸೇರಿತು. 1889ರ ಮಾರಾಟದ ನಂತರ ತುಂಡಾಗುತ್ತ ಹೋಗಿ ಇಂದು ಸುಮಾರು 80 ಮಾಲೀಕರಿದ್ದಾರೆ. ಕೆಲವರ ಪಾಲಿಗೆ ಬಳ್ಳಿಯ ಕೆಲವೇ ಸಾಲುಗಳಿವೆ. ಕೆಳಗಿನ ಪಟ್ಟಿ ಮಾತ್ರ ಇರುವವನು ಮೇಲಿನದನ್ನು ಎಲ್ಲಿಂದ ತಂದು ಬೆರೆಸಿಯಾನು? ಆದರೂ 1937ರಲ್ಲಿ ಸರಕಾರ ಇಡೀ ತೋಟಕ್ಕೆ ‘ಗ್ರಾಂ ಕ್ರೂ’ ಎಂಬ ಅತ್ಯುನ್ನತ ದರ್ಜೆಯನ್ನು ಸಾರಾಸಗಟಾಗಿ ಕೊಟ್ಟಿತು. ಕಾನೂನು ಗೌರವಿಸಿದ್ದು ಗೋಡೆಯನ್ನೇ ಹೊರತು ಮಣ್ಣನ್ನಲ್ಲ ಎಂಬುದು ನನ್ನ ಅಭಿಪ್ರಾಯ. ಹೀಗಾಗಿ ಮುಂದಿನ ಸಲ ಮಗನಿಗೆ ಕೊಳ್ಳುವ ಮುನ್ನ ತಯಾರಕರ ಪಾಲು ಗೋಡೆಯ ಯಾವ ಮಗ್ಗುಲಲ್ಲಿದೆಯೆಂದು ವಿಚಾರಿಸಲು ಹೇಳಿ. ‘ಗ್ರಾಂ ಮೊಪೆರ್ತ್ಯುಈ’, ‘ಮ್ಯೂಸಿನಿ’ ಎಂಬ ಒಳಹೆಸರುಗಳು ಕೇಳಿಬಂದರೆ ಅವು ಮೇಲಿನ ಭಾಗದವು.

ಪ್ರಶ್ನೆ: ಸುಣ್ಣಕಲ್ಲಿನ ನೆಲದ ವೈನಿನಲ್ಲಿ ಕಲ್ಲಿನ ರುಚಿ ಬರುತ್ತದೆಂದು ಓದಿದ್ದೇನೆ. ಇದು ನಿಜವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಲ್ಲ. ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳಂಥ ಲವಣಗಳನ್ನು ಹೀರುತ್ತದೆ, ಮತ್ತು ಅವು ಯಾವ ನೆಲದಲ್ಲಾದರೂ ಹೆಚ್ಚುಕಡಿಮೆ ಅವೇ. ವೈನಿನ ಪರಿಮಳ ಹುಟ್ಟುವುದು ಹಣ್ಣಿನಲ್ಲಿ ಮತ್ತು ಹುದುಗಿಸುವ ಯೀಸ್ಟಿನಿಂದ. ನೆಲದ ಪಾತ್ರ ದೊಡ್ಡದೇ, ಆದರೆ ಅದು ನೀರಿನ ಮತ್ತು ಬಿಸಿಯ ಮೂಲಕ ನಡೆಯುವಂಥದ್ದು. ಸಿತೊ ಸನ್ಯಾಸಿಗಳು ಮಣ್ಣನ್ನೇ ಬಾಯಿಗೆ ಹಾಕಿಕೊಂಡು ರುಚಿ ನೋಡಿ ತೋಟದ ಎಲ್ಲೆ ಗುರುತಿಸುತ್ತಿದ್ದರೆಂಬ ದಂತಕಥೆ ಕೇಳಲು ಚೆನ್ನಾಗಿದೆ. ನೂರಾರು ವರ್ಷ ಒಂದೇ ತೋಟದ ಫಸಲನ್ನು ಸಾಲುಸಾಲಾಗಿ ಗಮನಿಸಿದವರಿಗೆ ಅದರ ಅಗತ್ಯವಿರಲಿಲ್ಲ.

ಪ್ರಶ್ನೆ: ಬರ್ಗಂಡಿಯ ವೈನಿಗೆ ಇಸವಿ ನೋಡಿ ಬೆಲೆ ಕಟ್ಟುತ್ತಾರೆ. ಮಣ್ಣು ಅದೇ ಇರುವಾಗ ವರ್ಷದಿಂದ ವರ್ಷಕ್ಕೆ ಅಷ್ಟು ಏರುಪೇರು ಏಕೆ? ತಾಪಮಾನ ಏರಿಕೆಯಿಂದ ಏನಾಗಿದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಪಿನೊ ನ್ವಾರ್ ಬೇಗ ಚಿಗುರುವ, ಬೇಗ ಮಾಗುವ, ತೆಳು ಸಿಪ್ಪೆಯ ತಳಿ. ಬರ್ಗಂಡಿ ಉತ್ತರ ಅಕ್ಷಾಂಶ 47 ಡಿಗ್ರಿಯ ಆಸುಪಾಸಿನಲ್ಲಿದ್ದು, ಈ ತಳಿ ಅಲ್ಲಿ ಮಾಗುವುದೋ ಇಲ್ಲವೋ ಎಂಬ ಅಂಚಿನಲ್ಲೇ ಬಹುಕಾಲ ಬದುಕಿದೆ. ಇಳಿಜಾರು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಬೇಗ ತಾಕಿ ಇಬ್ಬನಿಯನ್ನು ಆರಿಸುತ್ತದೆ. ಅಂಚಿನಲ್ಲಿರುವ ಬೆಳೆಗೆ ಇಂಥ ಸಣ್ಣ ಅನುಕೂಲವೂ ದೊಡ್ಡದು, ಸಣ್ಣ ಆಪತ್ತೂ ದೊಡ್ಡದು. ಏಪ್ರಿಲ್‌ನಲ್ಲಿ ಚಿಗುರೊಡೆದ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ವರ್ಷದ ಫಸಲು ಹೋದಂತೆಯೇ; 2021ರ ಏಪ್ರಿಲ್‌ನಲ್ಲಿ ಆದದ್ದು ಅದೇ. ತಂಪು ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುವುದರಿಂದ ಇಂಥ ರಾತ್ರಿಗಳಲ್ಲೂ ಕೆಳಗಿನ ಪಟ್ಟಿಗೇ ಅಪಾಯ ಹೆಚ್ಚು. ಇನ್ನೊಂದು ಸ್ವಾರಸ್ಯ: ಫ್ರೆಂಚಿನಲ್ಲಿ ಹವೆ ಎಂಬರ್ಥದ ‘ಕ್ಲಿಮಾ’ ಪದವನ್ನು ಬರ್ಗಂಡಿಯವರು ಗಡಿ ಗುರುತಿಸಿ ಹೆಸರಿಟ್ಟ ತುಂಡು ತೋಟಕ್ಕೆ ಬಳಸುತ್ತಾರೆ. ಅಂಥ 1,247 ಕ್ಲಿಮಾಗಳ ಈ ನೆಲ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ತಾಪಮಾನದ ಮಾತಿಗೆ ಬಂದರೆ, ಪಕ್ಕದ ಬೋನ್ ಪಟ್ಟಣದಲ್ಲಿ ಕೊಯ್ಲು ಆರಂಭವಾದ ದಿನಗಳ ದಾಖಲೆ 1354ರಿಂದ ದೊರೆಯುತ್ತದೆ. 1987ರವರೆಗಿನ ಸರಾಸರಿ ಸೆಪ್ಟೆಂಬರ್ 28. 1988ರಿಂದ 2018ರವರೆಗಿನ ಅವಧಿಯಲ್ಲಿ ಅದಕ್ಕಿಂತ 13 ದಿನ ಮುಂಚೆ. 2003ರ ಬಿಸಿಲಲ್ಲಂತೂ ಆಗಸ್ಟ್‌ನಲ್ಲೇ ಕೊಯ್ದರು. ಇದರಿಂದ ತೋಟದೊಳಗಿನ ಮೇಲುಕೀಳು ಸ್ವಲ್ಪ ಅಲುಗಾಡಿದೆ. ಒಣ ವರ್ಷಗಳಲ್ಲಿ ತೆಳುಮಣ್ಣಿನ ಬಳ್ಳಿ ಬಾಯಾರಿ ಮಾಗುವುದನ್ನೇ ನಿಲ್ಲಿಸಿದರೆ, ಹೀಗಳೆಸಿಕೊಂಡ ಕೆಳಗಿನ ಜೇಡಿ ನೀರು ಹಿಡಿದಿಟ್ಟು ಬಳ್ಳಿಯನ್ನು ಕಾಪಾಡುತ್ತದೆ.

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಿನಲ್ಲಿ ಪಿನೊ ನ್ವಾರ್ ನೆಟ್ಟರೆ ಅಂಥದೇ ವೈನ್ ಸಿಗಬಹುದೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಬಳ್ಳಿ ಬದುಕೀತು, ವೈನ್ ಅಂಥದಾಗದು. ಬರ್ಗಂಡಿಯಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ, ಹೀಗಾಗಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಸಲ ಚಾಟ್ನಿ ಮಾಡಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಿ, ನಾವೇ ಋತುವನ್ನು ಕಟ್ಟಿಕೊಡಬೇಕು. ಕೊಯ್ಲು ಬರುವುದು ಬಿಸಿಲೇರುವ ಫೆಬ್ರುವರಿ, ಮಾರ್ಚ್‌ನಲ್ಲಿ. ತಂಪಿನಲ್ಲಿ ನಿಧಾನವಾಗಿ ಮಾಗಬೇಕಾದ ಹಣ್ಣು ಆ ಬಿಸಿಗೆ ಸಕ್ಕರೆ ಏರಿಸಿಕೊಂಡು ಹುಳಿ ಮತ್ತು ಪರಿಮಳ ಕಳೆದುಕೊಳ್ಳುತ್ತದೆ. ನಿಮ್ಮ ಭಾಗದ ವೈನ್ ತೋಟಗಳವರು ದಪ್ಪ ಸಿಪ್ಪೆಯ ಶಿರಾಜ್, ಕ್ಯಾಬರ್ನೆ ಸಾವಿನ್ಯೋನ್‌ಗಳನ್ನು ಆಯ್ದುಕೊಂಡಿರುವುದು ತಿಳಿದೇ ಮಾಡಿದ ಕೆಲಸ.