ಕಾರ್ಡ್ ಶೋಗೆ ಹೋಗುವ ಶಿವಮೊಗ್ಗದ ಹುಡುಗನಿಗೆ

ನಿನ್ನ ಮೇಲ್ ಬಂದಾಗ ನಾನು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿದ್ದೆ. ಅಡಿಕೆ ಬೇಯಿಸುವ ಹಂಡೆ ಪಕ್ಕದಲ್ಲೇ ಕೂತು ಓದಿದೆ. ಅಮೆರಿಕದಿಂದ ಬಂದ ಮೂರು ವಾರದ ರಜೆ, ಅದರಲ್ಲೂ ಕೊನೆ ಕೊಯ್ಲಿನ ಗಡಿಬಿಡಿ. ಉತ್ತರ ತಡವಾಯಿತು, ಬೇಜಾರು ಮಾಡ್ಕೊಬೇಡ.

ನೀನು ಕೇಳಿದ್ದು ಇಷ್ಟು, ಅಲ್ವಾ? ಶಿಕಾಗೊಗೆ ಓದಲು ಬಂದು ನಾಲ್ಕು ತಿಂಗಳಾಯಿತು. ರೂಮ್‌ಮೇಟ್ ಭಾನುವಾರ ಬಂದರೆ ಸ್ಪೋರ್ಟ್ಸ್ ಕಾರ್ಡ್ ಶೋಗೆ, ಅಂದರೆ ಆಟಗಾರರ ಚಿತ್ರ ಅಚ್ಚಾದ ಕಾರ್ಡುಗಳನ್ನು ಕೊಂಡು ಮಾರುವ ಸಂತೆಗೆ, ಎಳೆದುಕೊಂಡು ಹೋಗುತ್ತಾನೆ. 220 ಡಾಲರ್ ಕೊಟ್ಟು ಒಂದು ಬಾಸ್ಕೆಟ್‌ಬಾಲ್ ಕಾರ್ಡ್ ಕೊಂಡೆ. ಫೋನಿನಲ್ಲಿ ಅದರ ಬೆಲೆ 250 ಎಂದಿತ್ತು. ಮುಂದಿನ ವಾರ ಮಾರಲು ಹೋದರೆ ಯಾರೂ 170ರ ಮೇಲೆ ಏರಲಿಲ್ಲ. "ನನಗೆ ಮೋಸ ಆಯ್ತಾ ಅಣ್ಣ? ಇದರಲ್ಲಿ ಸ್ವಲ್ಪ ದುಡ್ಡು ಮಾಡಬಹುದಾ? ಇಲ್ಲಿ ಚೌಕಾಸಿ ಮಾಡಿದರೆ ಬೈತಾರಾ?"

ಮೋಸ ಆಗಿಲ್ಲ ಮಾರಾಯ. ಶಿವಮೊಗ್ಗದವನಾಗಿ ನಿನಗೆ ಇದು ಗೊತ್ತಾಗಬೇಕಿತ್ತು. ಪೇಪರಿನಲ್ಲಿ ದಿನಾ ಅಡಿಕೆ ಧಾರಣೆ ಬರುತ್ತದಲ್ಲ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ದರ್ಜೆಗೆ? ಎದುರಿಗೆ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ. ನಮ್ಮಪ್ಪ ಬೆಳಿಗ್ಗೆ ಕಾಫಿ ಕುಡಿಯುತ್ತಾ ಗರಿಷ್ಠವನ್ನೇ ಓದುತ್ತಿದ್ದರು. ಮಂಡಿಗೆ ಹೋದ ಮೇಲೆ ನಮ್ಮ ಮೂಟೆಗೆ ಬರುತ್ತಿದ್ದ ಬೆಲೆಯೇ ಬೇರೆ. ಗರಿಷ್ಠ ಯಾರ ಮಾಲಿಗೆ ಸಿಕ್ಕಿತೋ ದೇವರಿಗೇ ಗೊತ್ತು. ಅವರನ್ನು ಕಂಡವರಿಲ್ಲ.

ನಿನ್ನ ಫೋನ್ ತೋರಿಸಿದ 250 ಕೂಡ ಅಂಥದ್ದೇ. ಅದಕ್ಕೆ ಅಲ್ಲಿ 'ಕಾಂಪ್ಸ್' ಅನ್ನುತ್ತಾರೆ. ಅದೇ ಕಾರ್ಡ್, ಅದೇ ದರ್ಜೆಯದ್ದು, ಇತ್ತೀಚೆಗೆ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗಿದೆ ಎಂಬ ಲೆಕ್ಕ. ಮಾರಾಟ ಆಗಿದ್ದನ್ನು ಮಾತ್ರ ನೋಡಬೇಕು. ಕೇಳುವ ಬೆಲೆಯನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ಹಾಕಬಹುದು. ಆ 250 ಕೂಡ ಮಾರಿದವನ ಕೈಗೆ ಪೂರ್ತಿ ಬಂದಿರುವುದಿಲ್ಲ. ಅದರಲ್ಲಿ ಇಬೇಯ ಕಮಿಷನ್ ಹೋಗುತ್ತದೆ, ಪೋಸ್ಟ್ ಖರ್ಚು ಹೋಗುತ್ತದೆ. ಟೇಬಲ್ ಹಾಕಿ ಕೂತ ಡೀಲರ್ ನಿನ್ನಿಂದ ಕೊಂಡು ಮತ್ತೆ ಮಾರಬೇಕು. ಟೇಬಲ್ ಬಾಡಿಗೆ, ಪೆಟ್ರೋಲು, ಹೋಟೆಲು ಎಲ್ಲಾ ಅದರಲ್ಲೇ ಹುಟ್ಟಬೇಕು. ಹಾಗಾಗಿ ಕಾಂಪ್ಸ್‌ನ ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಕೊಡುವುದು ಅವರ ವಾಡಿಕೆ. ಬೇಗ ಖರ್ಚಾಗದ ಮಾಲಾದರೆ ಇನ್ನೂ ಕಡಿಮೆ. ನಿನಗೆ 170 ಹೇಳಿದವನು ಹೆಚ್ಚುಕಡಿಮೆ ಸರಿಯಾಗೇ ಹೇಳಿದ್ದಾನೆ. 'ಇದರ ಬೆಲೆ 250' ಎಂದು ನೀನು ಮನಸ್ಸಿನಲ್ಲಿ ಬರೆದುಕೊಂಡದ್ದೇ ತಪ್ಪು. ಕಾರ್ಡಿಗೆ ಎರಡು ಬೆಲೆ: ಕೊಳ್ಳುವಾಗ ಒಂದು, ಮಾರುವಾಗ ಒಂದು. ನಡುವಿನದ್ದು ಡೀಲರನ ಊಟ.

ಚೌಕಾಸಿ ಬಗ್ಗೆ ಹೆದರಬೇಡ. ನಾನು ಅಲ್ಲಿಗೆ ಹೋದ ಹೊಸದರಲ್ಲಿ ಎಲ್ಲದಕ್ಕೂ ಚೀಟಿ ಅಂಟಿಸಿದ ಬೆಲೆ ನೋಡಿ ನಾಲಿಗೆ ತುರಿಸುತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೆಳೆದವನಿಗೆ ಅದೊಂದು ಶಿಕ್ಷೆ. ಆಫೀಸಿನವನೊಬ್ಬ ಮೊದಲ ಸಲ ಕಾರ್ಡ್ ಶೋಗೆ ಕರೆದುಕೊಂಡು ಹೋದಾಗ ಊರಿಗೆ ಬಂದ ಹಾಗಾಯಿತು! ದೊಡ್ಡ ಹಾಲ್, ಸಾಲು ಸಾಲು ಟೇಬಲ್, ಗಾಜಿನ ಪೆಟ್ಟಿಗೆ. ಅದರ ಎದುರು ಬ್ಯಾಗ್ ಹೊತ್ತ ಗಂಡಸರು ಬಗ್ಗಿ ಬಗ್ಗಿ ನೋಡುತ್ತಾ, "ಇದಕ್ಕೆ ಎಷ್ಟಕ್ಕೆ ಬರ್ತೀರಿ?" ಎಂದು ಕೇಳುತ್ತಿದ್ದರು. ಒಬ್ಬ ಒಂದು ಹೇಳುವುದು, ಇನ್ನೊಬ್ಬ ತಲೆ ಆಡಿಸುವುದು, ಹೊರಟ ಹಾಗೆ ಮಾಡುವುದು, ಮತ್ತೆ ಕರೆಯುವುದು. ಎಲ್ಲಾ ನಮ್ಮದೇ ಆಟ. ಭಾಷೆ ಮಾತ್ರ ಬೇರೆ.

ಆದರೂ ಅಲ್ಲಿಯ ರೀತಿ ಸ್ವಲ್ಪ ತಿಳಿದಿರಬೇಕು. ನಮ್ಮಲ್ಲಿ ಅರ್ಧಕ್ಕೆ ಕೇಳಿ ಶುರು ಮಾಡುತ್ತೇವೆ. ಅಲ್ಲಿ ಹಾಗೆ ಕೇಳಿದರೆ ಡೀಲರ್ ಮುಖ ತಿರುಗಿಸುತ್ತಾನೆ. ಅವನು 100 ಹೇಳಿದರೆ 80 ಎನ್ನು, ಅಡ್ಡಿಯಿಲ್ಲ. ಅವನು ಒಪ್ಪಿದ ಮೇಲೆ "ನೋಡಿ ಬರ್ತೀನಿ" ಎಂದು ಹೋಗುವುದು ಮಾತ್ರ ಅಲ್ಲಿ ದೊಡ್ಡ ಅಸಭ್ಯತನ. ಬೆಲೆ ಹೇಳಿದವನು ಕೊಳ್ಳಲೇಬೇಕು. ಒಂದಕ್ಕೆ ಒಂದು ಚೌಕಾಸಿ ಮಾಡುವ ಬದಲು ನಾಲ್ಕೈದು ಕಾರ್ಡ್ ಒಟ್ಟಿಗೆ ಆರಿಸಿ "ಎಲ್ಲಾ ಸೇರಿ ಎಷ್ಟು?" ಎಂದರೆ ಜಾಸ್ತಿ ಇಳಿಯುತ್ತಾರೆ. ನೋಟು ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ, ಪೆಟ್ಟಿಗೆ ಕಟ್ಟಲು ಶುರುಮಾಡುವ ಮುಂಚೆ ಹೋಗು. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ಕಟ್ಟು ಅಗ್ಗ ಆಗುವುದಿಲ್ಲವಾ, ಹಾಗೆ. ಆದರೆ ಒಳ್ಳೆ ಕಾರ್ಡ್ ಆ ಹೊತ್ತಿಗೆ ಉಳಿದಿರುವುದಿಲ್ಲ. ಅದು ಬಾಗಿಲು ತೆರೆಯುವ ಮುಂಚೆಯೇ, ಡೀಲರ್‌ಗಳು ತಮ್ಮೊಳಗೇ ಕೊಂಡು ಮಾರುವಾಗ ಹೋಗಿರುತ್ತದೆ.

ಈಗ ದರ್ಜೆಯ ವಿಷಯ. ನಿನ್ನ ಕಾರ್ಡ್ ಪಿಎಸ್‌ಎ 9 ಎಂದು ಬರೆದಿದ್ದೀಯ. ಪಿಎಸ್‌ಎ ಎನ್ನುವುದು 1991ರಲ್ಲಿ ಶುರುವಾದ ಕಂಪನಿ. ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿಗೆ ಬಂದಿದೆಯೇ ಎಂದು ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತದೆ. ಅದೇ ಸ್ಲ್ಯಾಬ್. ಬೆಕೆಟ್, ಎಸ್‌ಜಿಸಿ ಎಂದು ಬೇರೆಯವರೂ ಇದ್ದಾರೆ. ಬರಿಗಣ್ಣಿಗೆ 9ಕ್ಕೂ 10ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಅಂತರ. ಒಂದೇ ಮರದ ಅಡಿಕೆ ಎಳೆಯದಾಗಿ ಕೊಯ್ದರೆ ಸರಕು, ಬಲಿತು ಹಣ್ಣಾದರೆ ಗೊರಬಲು, ಅಲ್ವಾ? ಆದರೆ ಅಡಿಕೆಯನ್ನು ಕೈಯಲ್ಲಿ ಹಿಡಿದರೆ ನಮ್ಮ ಅಜ್ಜಿಗೂ ಗೊತ್ತಾಗುತ್ತಿತ್ತು. ಕಾರ್ಡಿನಲ್ಲಿ ಬೇರೆಯವರು ಕೊಟ್ಟ ಅಂಕಿಯನ್ನು ನಂಬಿ ದುಡ್ಡು ಕೊಡುತ್ತೇವೆ.

ಇದರಲ್ಲಿ ನಾನು ಒಂದು ಸಲ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತು ಹಳೇ ಡಬ್ಬಿ ತೆಗೆದರು, ಕಾರ್ಡಿಗೆ ಹುಚ್ಚು ಬೆಲೆ ಬಂತು. 2021ರ ಮಾರ್ಚ್ ಹೊತ್ತಿಗೆ ಪಿಎಸ್‌ಎಗೆ ಎಷ್ಟು ಕಾರ್ಡ್ ಬಂದು ಬಿದ್ದವೆಂದರೆ, ಅವರು ಕಡಿಮೆ ದರದ ಕೌಂಟರನ್ನೇ ಮುಚ್ಚಿಬಿಟ್ಟರು. ಆ ಗದ್ದಲದಲ್ಲಿ ನಾನೂ ಹಾರಿದೆ. ಒಂದು ಶೋದಲ್ಲಿ ಸ್ಲ್ಯಾಬ್ ಇಲ್ಲದ ಹಳೇ ಬೇಸ್‌ಬಾಲ್ ಕಾರ್ಡ್ ಒಂದಕ್ಕೆ 400 ಡಾಲರ್ ಕೊಟ್ಟೆ. "ಇದು 9 ಬರುತ್ತೆ ನೋಡು" ಎಂದ ಮಾರುವವನು. ನಗುನಗುತ್ತಾ ಮಾತಾಡಿದ ಅಜ್ಜ. ತಿಂಗಳುಗಟ್ಟಲೆ ಕಾದು ಗ್ರೇಡಿಂಗ್‌ನಿಂದ ಬಂದ ಉತ್ತರ: ಅಂಚು ಕತ್ತರಿಸಲಾಗಿದೆ, ಅಂಕ ಇಲ್ಲ. ಸವೆದ ಮೂಲೆ ಚೂಪಾಗಿ ಕಾಣಲಿ ಎಂದು ಯಾರೋ ಯಾವಾಗಲೋ ಕೂದಲೆಳೆಯಷ್ಟು ಕತ್ತರಿಸಿದ್ದರು. ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಆ ಕಾರ್ಡ್ ನನ್ನ ಮೇಜಿನ ಮೇಲೇ ಇದೆ. ಅಂದಿನಿಂದ ಶೋಗೆ ಹೋದರೆ ಜೇಬಿನಲ್ಲಿ ಸಣ್ಣ ಭೂತಗನ್ನಡಿ ಇರುತ್ತದೆ. ಅದೇ ಕಾಲದ ಬೇರೊಂದು ಸಾಧಾರಣ ಕಾರ್ಡಿನ ಪಕ್ಕ ಇಟ್ಟು ಅಳತೆ ನೋಡುತ್ತೇನೆ.

ಶಿಕಾಗೊದಲ್ಲಿರುವುದರಿಂದ ಆ ಊರಿನ ತಂಡದ ಬಾಸ್ಕೆಟ್‌ಬಾಲ್ ದಿಗ್ಗಜ ಮೈಕಲ್ ಜೋರ್ಡನ್ ಕಾರ್ಡ್ ಬಗ್ಗೆ ನಿನಗೆ ಯಾರಾದರೂ ಹೇಳಿಯೇ ಹೇಳಿರುತ್ತಾರೆ. ಫ್ಲೀರ್ ಕಂಪನಿಯ 1986ರ ಕಾರ್ಡ್, ನಂಬರ್ 57. ಪಿಎಸ್‌ಎ 10 ಅಂಕದ್ದು 2021ರ ಜನವರಿ ಕೊನೆಯಲ್ಲಿ 7,38,000 ಡಾಲರ್‌ಗೆ ಹೋಯಿತು. ಅದೇ ದರ್ಜೆಯ ಅದೇ ಕಾರ್ಡ್ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಜೋರ್ಡನ್ ಅಷ್ಟರಲ್ಲಿ ಏನಾದರೂ ಕೆಟ್ಟದಾಗಿ ಆಡಿದನಾ? ಅವನು ಆಡುವುದು ಬಿಟ್ಟೇ ವರ್ಷಗಳಾಗಿದ್ದವು. ಬದಲಾಗಿದ್ದು ಕೊಳ್ಳುವವರ ಅವಸರ ಮಾತ್ರ. ಅಂದಹಾಗೆ ಈ ಕಾರ್ಡಿನ ನಕಲಿ ಬೇಕಾದಷ್ಟಿವೆ. ಸ್ಲ್ಯಾಬ್ ಇಲ್ಲದ್ದನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ನಮಸ್ಕಾರ ಹಾಕಿ ಮುಂದೆ ಹೋಗು.

ಹಳೇದೆಲ್ಲಾ ಬಂಗಾರ ಎಂಬ ಭ್ರಮೆಯೂ ಬೇಡ. ಬೇಸ್‌ಬಾಲ್ ಕಾರ್ಡ್ ಮುದ್ರಿಸುವ ಟಾಪ್ಸ್ ಕಂಪನಿಯಲ್ಲಿದ್ದ ಸೈ ಬರ್ಗರ್ ಹೇಳಿಕೊಂಡ ಕಥೆ ಒಂದಿದೆ. 1952ರ ಕಾರ್ಡುಗಳು ಖರ್ಚಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಪುಕ್ಕಟೆಗೂ ಯಾರೂ ಮುಟ್ಟಲಿಲ್ಲ. 1960ರಲ್ಲಿ ದೋಣಿಯಲ್ಲಿ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರಂತೆ. ಆ ಸೆಟ್ಟಿನಲ್ಲಿದ್ದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ಎಸೆದಿದ್ದಕ್ಕೇ ಬೆಲೆ ಬಂದದ್ದು. ಇಂಥ ಕಥೆ ಕೇಳಿ 1980ರ ದಶಕದ ಕೊನೆ, 1990ರ ದಶಕದ ಮೊದಲಲ್ಲಿ ಎಲ್ಲರೂ ಪೆಟ್ಟಿಗೆಗಟ್ಟಲೆ ಕೊಂಡು ಜೋಪಾನ ಮಾಡಿದರು, ಕಂಪನಿಗಳೂ ಮುದ್ರಿಸಿದ್ದೇ ಮುದ್ರಿಸಿದ್ದು. ಇವತ್ತು ಆ ಮಾಲನ್ನು 'ಜಂಕ್ ವ್ಯಾಕ್ಸ್' ಎನ್ನುತ್ತಾರೆ. ಅದನ್ನು ಮಾರಲು ಹೋಗುವುದು ಜೂನ್ ತಿಂಗಳಲ್ಲಿ ಹೊಸನಗರಕ್ಕೆ ಹಲಸಿನಹಣ್ಣು ಹೊತ್ತುಕೊಂಡು ಹೋದ ಹಾಗೆ. ನಿನ್ನ ರೂಮ್‌ಮೇಟ್ ಅಪ್ಪನ ಅಟ್ಟದ ಮೇಲೆ ಸಿಕ್ಕಿತೆಂದು ಹೇಳಿದ ಎರಡು ಪೆಟ್ಟಿಗೆ ಅದೇ ಕಾಲದ್ದಾಗಿದ್ದರೆ, ಪಾಪ, ಅವನಿಗೆ ಮೆಲ್ಲಗೆ ಹೇಳು.

ಇನ್ನು ರೂಕಿ ಕಾರ್ಡ್. ಆಟಗಾರನ ಮೊದಲ ವರ್ಷದ ಕಾರ್ಡ್. ಶೋದಲ್ಲಿ ಜನ ಮುಗಿಬೀಳುವುದು ಇದಕ್ಕೇ. ಇದನ್ನು ಕೊಳ್ಳುವುದೆಂದರೆ ಚೇಣಿ ಹಿಡಿದ ಹಾಗೆ. ಮಳೆಗಾಲದಲ್ಲಿ ತೋಟ ಸುತ್ತಿ, ಮರದ ಮೇಲಿನ ಎಳೆ ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಆಗುತ್ತದೆ ಎಂದು ಬೆಲೆ ಕಟ್ಟುವುದು. ಕೊಳೆ ರೋಗ ಬಂದರೆ ಚೇಣಿಯವನ ಪಾಡು ಯಾರಿಗೂ ಬೇಡ. ಇಲ್ಲಿ ಕೊಳೆ ರೋಗವೆಂದರೆ ಹುಡುಗನ ಮಂಡಿ ಮುರಿಯುವುದು. ಅಥವಾ ಸುಮ್ನೆ ಅವನು ಸಾಧಾರಣ ಆಟಗಾರ ಎಂದು ಗೊತ್ತಾಗುವುದು. ಹತ್ತರಲ್ಲಿ ಎಂಟು ಹಾಗೇ ಆಗುತ್ತವೆ ಎನ್ನುವುದು ನನ್ನ ಅನುಭವ. ಒಂದು ಆಟ ಚೆನ್ನಾಗಿ ಆಡಿದರೆ ರಾತ್ರೋರಾತ್ರಿ ಬೆಲೆ ಏರುತ್ತದೆ, ಎರಡು ಆಟ ಕೆಟ್ಟರೆ ಇಳಿಯುತ್ತದೆ. ನಮ್ಮ ಭದ್ರಾವತಿಯ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ಕಾಲದಲ್ಲಿ ನಮ್ಮಲ್ಲಿ ಕಾರ್ಡ್ ಶೋ ಇದ್ದಿದ್ದರೆ ಎರಡು ಇನಿಂಗ್ಸ್ ನಡುವೆ ಎಷ್ಟು ಜನ ಅವರ ಕಾರ್ಡ್ ಮಾರಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದರೋ!

ಆಟಗಾರನ ಕಾರ್ಡ್ ಬೇಕೇ ಬೇಕು ಎಂದಿದ್ದರೆ ಆ ಆಟದ ಸೀಸನ್ ಮುಗಿದ ಮೇಲೆ ಕೊಳ್ಳು. ಅಮೆರಿಕನ್ ಫುಟ್‌ಬಾಲ್ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ, ಆಗಸ್ಟಿನಲ್ಲಿ ಎಲ್ಲರೂ ಕೊಳ್ಳುತ್ತಾರೆ. ಏಪ್ರಿಲ್, ಮೇಯಲ್ಲಿ ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಿನ್ನ ಬಾಸ್ಕೆಟ್‌ಬಾಲ್ ಹುಡುಗನನ್ನು ನೀನು ಸೀಸನ್ ಕಾವಿನಲ್ಲಿ ಕೊಂಡಿದ್ದೀಯ. ಸೀಲ್ ಒಡೆಯದ ಕಾರ್ಡ್ ಬಾಕ್ಸ್‌ಗೆ ಕೈ ಹಾಕಬೇಡ. ಒಳಗೇನಿದೆಯೋ ಎಂಬ ಕುತೂಹಲಕ್ಕೆ ಕೊಡುವ ದುಡ್ಡು ಅದು, ಲಾಟರಿ ಚೀಟಿ. ಬಿಡಿ ಕಾರ್ಡ್ ಕೊಳ್ಳು. ಗಾಜಿನ ಪೆಟ್ಟಿಗೆ ಬಿಟ್ಟು ಟೇಬಲ್ ಕೆಳಗಿನ ಒಂದು ಡಾಲರ್ ಡಬ್ಬಿಯಲ್ಲಿ ಕೈಯಾಡಿಸು. ನನ್ನ ಸಂತೋಷದ ಮುಕ್ಕಾಲು ಪಾಲು ಆ ಡಬ್ಬಿಯಲ್ಲೇ ಇದೆ.

ದುಡ್ಡು ಮಾಡಬಹುದಾ ಎಂದು ಕೇಳಿದ್ದೀಯಲ್ಲ, ಅದಕ್ಕೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬೇಡ. ನಿನ್ನದು ವಿದ್ಯಾರ್ಥಿ ವೀಸಾ. ನಿನ್ನ ಹತ್ತಿರ ಇರುವ ಕಾರ್ಡ್ ಬೇಡವೆಂದು ಮಾರುವುದು ಬೇರೆ. ವಾರ ವಾರ ಕೊಂಡು ಮಾರಿ ಲಾಭ ನೋಡುವುದು, ಟೇಬಲ್ ಹಾಕಿ ಕೂರುವುದು ಬೇರೆ. ಎರಡನೆಯದು ವ್ಯಾಪಾರ, ಅಂದರೆ ಅನುಮತಿ ಇಲ್ಲದ ಕೆಲಸ ಎಂದು ತಲೆ ಮೇಲೆ ಬರಬಹುದು. ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದಷ್ಟು ವರ್ಷ ಟೇಬಲ್ ಹಿಂದೆ ಗೆಳೆಯನ ಪಕ್ಕ ಕುರ್ಚಿ ಹಾಕಿಕೊಂಡು ಕೂರಲೂ ಹೆದರುತ್ತಿದ್ದೆ. ಅನುಮಾನ ಇದ್ದರೆ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳು, ರೂಮ್‌ಮೇಟನ್ನಲ್ಲ. ಅವನು ಅಲ್ಲಿ ಹುಟ್ಟಿದವನು, ಅವನಿಗೆ ಈ ತಲೆನೋವು ಗೊತ್ತಿಲ್ಲ. ನಿನ್ನ ಓದಿನ ಸಾಲಕ್ಕೆ ಅಪ್ಪ ತೋಟ ಅಡವಿಟ್ಟಿದ್ದಾರೆ ಎಂದು ನೀನೇ ಬರೆದಿದ್ದೀಯ. ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತ ಇಟ್ಟುಕೊ, 30 ಡಾಲರ್ ಅಂದುಕೊ. ಅದು ಸಿನಿಮಾಕ್ಕೆ ಹೋದ ದುಡ್ಡು ಎಂದು ಮರೆತುಬಿಡು.

ಹೋಗುವುದನ್ನು ಮಾತ್ರ ನಿಲ್ಲಿಸಬೇಡ. ಆ ಊರಿನ ಚಳಿಗಾಲ ಕೆಟ್ಟದ್ದು. ನಾಲ್ಕೂವರೆಗೆ ಕತ್ತಲು, ಮಾತಾಡಲು ಜನ ಇಲ್ಲ. ನನ್ನ ಮೊದಲ ಜನವರಿಯಲ್ಲಿ ಶುಕ್ರವಾರ ಸಂಜೆ ಆಫೀಸಿಂದ ಬಂದರೆ ಸೋಮವಾರದವರೆಗೆ ಬಾಯಿ ತೆರೆದದ್ದು ಅಂಗಡಿಯ ಕ್ಯಾಷಿಯರ್ ಹತ್ತಿರ ಮಾತ್ರ. ಕಾರ್ಡ್ ಶೋದಲ್ಲಿ ಯಾವ ಟೇಬಲ್ ಎದುರು ನಿಂತರೂ ಯಾರಾದರೂ ಮಾತಿಗೆ ಸಿಗುತ್ತಾರೆ. "ನಿನ್ನ ಟೀಮ್ ಯಾವುದು?" ಎಂದು ಕೇಳುತ್ತಾರೆ. ನಾನು ಬೇಸ್‌ಬಾಲ್ ಕಲಿತದ್ದು ಹಾಗೆ. ನನಗೆ ಮನೆ ಬಾಡಿಗೆಗೆ ಕೊಡಿಸಿದವನೂ ಅಲ್ಲಿ ಸಿಕ್ಕಿದ ಡೀಲರೇ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಈಗಲೂ ನನ್ನನ್ನು ನೋಡಿದ ಕೂಡಲೇ ಹತ್ತು ಡಾಲರ್ ಇಳಿಸಿಯೇ ಬೆಲೆ ಹೇಳುತ್ತಾನೆ. ಮೊದಲೇ ಹತ್ತು ಏರಿಸಿರುತ್ತಾನೆ ಎನ್ನುವುದು ನನ್ನ ಅನುಮಾನ.

1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ 'ನ್ಯಾಷನಲ್' ಎಂಬ ದೊಡ್ಡ ಶೋ ಅನೇಕ ವರ್ಷ ಶಿಕಾಗೊ ಏರ್‌ಪೋರ್ಟ್ ಪಕ್ಕದ ರೋಸ್‌ಮಾಂಟ್‌ನಲ್ಲೇ ನಡೆದಿದೆ. ಐದು ದಿನ, ಜುಲೈ ಕೊನೆಯ ಸುಮಾರಿಗೆ. ಊರಲ್ಲಿ ಆಗುಂಬೆ ಮಳೆ ಹೊಡೆಯುವ ಹೊತ್ತು. ಹತ್ತಿರದಲ್ಲಿ ನಡೆದರೆ ಒಂದು ದಿನ ಹೋಗೋಣ. ಪರ್ಸ್ ಮನೆಯಲ್ಲಿಟ್ಟು ಬಾ, ಟಿಕೆಟ್ ನಾನು ತೆಗೆಯುತ್ತೇನೆ.

ಆ 220ರ ಕಾರ್ಡನ್ನು ಈಗ ಮಾರಬೇಡ, ಹಾಗೇ ಇಡು. ಮುಂದಿನ ಶನಿವಾರ ನಾನು ಹೊರಡುತ್ತೇನೆ. ನಿನ್ನಮ್ಮ ನಿನ್ನೆ ಫೋನ್ ಮಾಡಿದ್ದರು, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಾರಂತೆ. ಶಿವಮೊಗ್ಗ ಬಸ್‌ಸ್ಟ್ಯಾಂಡಿಗೆ ತಂದು ಕೊಡಲು ಹೇಳಿದ್ದೇನೆ. ಭರಣಿಯಲ್ಲಿ ಬೇಡ, ಎರಡು ಪದರದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎಂದು ನೀನೂ ಒಂದು ಮಾತು ಹೇಳು. ಹೋದ ಸಲ ಒಬ್ಬರ ಉಪ್ಪಿನಕಾಯಿ ಎಣ್ಣೆ ನನ್ನ ಎರಡು ಅಂಗಿ ತಿಂದಿದೆ.