ಹಾಡಿಸಲು ಹಣ ಕೊಟ್ಟವರು ಯಾರು?

ಪ್ರಿಯ ಲೇಖಕರೇ,

ಆಫ್ರಿಕನ್ ಅಮೆರಿಕನ್ನರ ಗಾಸ್ಪೆಲ್ ಹಾಡುಗಳು, ಅಂದರೆ ಅವರ ಕ್ರೈಸ್ತ ಭಕ್ತಿಗೀತೆಗಳು, ಮತ್ತು ಅವುಗಳನ್ನು ಹೊರತಂದ ಸಣ್ಣ ಲೇಬಲ್‌ಗಳ (ರೆಕಾರ್ಡ್ ಕಂಪನಿಗಳ) ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ, ಕೈಬಿಡಲೂ ಮನಸ್ಸಿಲ್ಲ. ಈ ರೆಕಾರ್ಡ್‌ಗಳನ್ನು ನೀವು ಕಿವಿಗೊಟ್ಟು ಕೇಳಿದ್ದೀರಿ. ಗಿಟಾರ್ ನಿಂತ ಮೇಲೂ ಚಪ್ಪಾಳೆಯೊಂದೇ ಹಾಡನ್ನು ಮುಂದಕ್ಕೆ ಒಯ್ಯುವುದನ್ನು ಬರೆದ ಕಡೆ ಅದು ಸ್ಪಷ್ಟವಾಗಿ ಕಾಣುತ್ತದೆ. ಆ ಭಾಗದ ಒಂದಕ್ಷರವನ್ನೂ ಬದಲಿಸಬೇಡಿ.

ತೊಂದರೆ ಇರುವುದು ‘ವ್ಯಾಪಾರದ ಸೋಂಕಿಲ್ಲದ ಶುದ್ಧ ಭಕ್ತಿ’ ಎಂಬ ಸಾಲಿನಲ್ಲಿ. ಅದು ನಿಜವಲ್ಲ, ಆದರೆ ಇಡೀ ಲೇಖನ ಅದನ್ನೇ ನಂಬಿಕೊಂಡಿದೆ. ನೀವೇ ಹೆಸರಿಸಿರುವ, ಅಮೆರಿಕದ ಮೆಂಫಿಸ್ ನಗರದ ಡಿಸೈನರ್ ರೆಕಾರ್ಡ್ಸ್ ಅನ್ನು ತೆಗೆದುಕೊಳ್ಳಿ. ಸ್ಟೈಲ್ ವೂಟನ್ ನಡೆಸುತ್ತಿದ್ದ ಆ ಲೇಬಲ್‌ಗೆ ಹಾಡುವವರೇ ಹಣ ಕಟ್ಟಬೇಕಿತ್ತು. ಕಟ್ಟಿದವರ ಹಾಡು ರೋಲೆಂಡ್ ಜೇನ್ಸ್ ಅವರ ಸ್ಟುಡಿಯೋದಲ್ಲಿ ಮುದ್ರಣವಾಗಿ ಸಣ್ಣ ರೆಕಾರ್ಡ್ ಆಗಿ ಕೈಸೇರುತ್ತಿತ್ತು. ಸ್ವಂತ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿಕೊಂಡದ್ದು ಏಕೆ? ಚರ್ಚಿನ ಕಾರ್ಯಕ್ರಮ ಮುಗಿದ ಮೇಲೆ ಮಾರಬಹುದು, ರೇಡಿಯೋದವರಿಗೆ ಕೊಡಬಹುದು, ಪಕ್ಕದ ಊರಿನ ಚರ್ಚಿನವರು ಕೇಳಿ ಕರೆಸಿಕೊಳ್ಳಬಹುದು. ದೇವರ ಮೇಲೂ ಭರವಸೆ, ರೆಕಾರ್ಡಿನ ಮೇಲೂ ಭರವಸೆ. ಇದನ್ನು ಬಿಟ್ಟರೆ ಆ ಹಾಡುಗಾರರನ್ನೇ ಬಿಟ್ಟಂತೆ.

ಅದೇ ಊರಿನಲ್ಲಿ, 1970ರ ದಶಕದಲ್ಲಿ, ಪಾದ್ರಿಯೂ ರೇಡಿಯೋ ನಿರೂಪಕರೂ ಆಗಿದ್ದ ಹುವಾನ್ ಶಿಪ್ ‘ಡಿ-ವೈನ್ ಸ್ಪಿರಿಚುವಲ್ಸ್’ ಲೇಬಲ್ ನಡೆಸಿದರು. ತಮ್ಮ ಕಾರ್ಯಕ್ರಮಕ್ಕೆ ಬರುತ್ತಿದ್ದ ಸ್ಥಳೀಯ ರೆಕಾರ್ಡ್‌ಗಳ ಧ್ವನಿ ಗುಣಮಟ್ಟ ಅವರಿಗೆ ಒಪ್ಪಿಗೆಯಾಗದಿದ್ದುದೇ ಇದಕ್ಕೆ ಕಾರಣ. ಇನ್ನೂ ಪಳಗಬೇಕಾದ ತಂಡಗಳಿಗೆಂದೇ ಜೆಸಿಆರ್ ಎಂಬ ಬೇರೆ ಲೇಬಲ್ ಇಟ್ಟುಕೊಂಡಿದ್ದರು. ಹಣ ತಂದವರಿಗೆಲ್ಲ ಬಾಗಿಲು ತೆರೆದವರು ಒಬ್ಬರು, ಸೋಸಿ ಒಳಗೆ ಕರೆದವರು ಇನ್ನೊಬ್ಬರು. ಯಾರ ದಾರಿ ಆ ಹಾಡುಗಳಿಗೆ ಹೆಚ್ಚು ಉಪಕಾರ ಮಾಡಿತು? ನನ್ನ ಒಲವು ವೂಟನ್ ಕಡೆಗೆ, ಏಕೆಂದರೆ ಸೋಸುವವರ ಕೈಯಲ್ಲಿ ಉಳಿಯದೆ ಹೋಗುತ್ತಿದ್ದ ಒರಟು ದನಿಗಳು ಅಲ್ಲಿ ಉಳಿದವು. ನೀವು ಒಪ್ಪದಿದ್ದರೆ ವಾದಿಸಿ ಬರೆಯಿರಿ. ಈಗ ನಿಮ್ಮ ಲೇಖನದಲ್ಲಿ ಈ ಎರಡು ಲೇಬಲ್‌ಗಳಿಗೆ ಸಿಕ್ಕಿರುವುದು ನಾಲ್ಕು ಸಾಲು, ನಮ್ಮ ಭಜನಾ ಮಂಡಳಿಗಳೊಂದಿಗಿನ ಹೋಲಿಕೆಗೆ ಪೂರ್ತಿ ಒಂದು ಪುಟ. ಹೋಲಿಕೆಯನ್ನು ತೆಗೆದುಹಾಕಿ.

ಗಾಸ್ಪೆಲ್ ರೆಕಾರ್ಡ್‌ಗಳಲ್ಲಿ ‘ಶೇ. 75ರಷ್ಟು ನಾಶವಾಗಿವೆ’ ಎಂದು ಬರೆದಿದ್ದೀರಿ. ಅಮೆರಿಕದ ಬೇಯ್ಲರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಡಾರ್ಡನ್ ಅವರ ಅಂದಾಜಿನಲ್ಲಿ ಅಷ್ಟು ಪಾಲು ಕೇಳಲು ಸಿಗುತ್ತಿಲ್ಲ, ಅಷ್ಟೇ. ಸಿಗದೆ ಇರುವುದನ್ನು ಹುಡುಕಬಹುದು. 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಸಂಕಟವನ್ನು ಬರೆದುಕೊಂಡ ಮೇಲೆ ಅವರಿಗೆ ನೆರವು ಒದಗಿತು, ರೆಕಾರ್ಡ್‌ಗಳನ್ನು ಕಲೆಹಾಕಿ ಡಿಜಿಟಲ್ ರೂಪಕ್ಕೆ ತರುವ ಯೋಜನೆ ಬೇಯ್ಲರ್‌ನಲ್ಲಿ ಶುರುವಾಯಿತು. ಹಾಗೆ ಬಂದ ರೆಕಾರ್ಡ್‌ಗಳ ಹಿಂಬದಿಯಲ್ಲಿ (ಎರಡನೇ ಬದಿಯಲ್ಲಿ) ನಾಗರಿಕ ಹಕ್ಕುಗಳ ಹೋರಾಟದ ಹಾಡುಗಳು ಕಂಡದ್ದನ್ನು ಡಾರ್ಡನ್ ದಾಖಲಿಸಿದ್ದಾರೆ. ನೀವು ಮುಂಬದಿಯ ಹಾಡುಗಳನ್ನು ಮಾತ್ರ ಹೊಗಳಿದ್ದೀರಿ!

‘ಅಲೌಕಿಕ’, ‘ಆತ್ಮ ನಡುಗಿಸುವ’ ಎಂಬ ವಿಶೇಷಣಗಳನ್ನು ಹೊಡೆದುಹಾಕಿದ್ದೇನೆ. ಆ ಜಾಗದಲ್ಲಿ ಕೇಳಿದ್ದನ್ನು ಬರೆಯಿರಿ: ಯಾರ ದನಿ ಮೊದಲು ಏಳುತ್ತದೆ, ಡ್ರಮ್ ಎಲ್ಲಿ ತಡವರಿಸುತ್ತದೆ. ಮೆಂಫಿಸ್ ಬಿಟ್ಟು ಉಳಿದ ಊರುಗಳು ಬೇಡ. ಎರಡೂ ಲೇಬಲ್‌ಗಳಿಂದ ಒಂದೊಂದು ರೆಕಾರ್ಡ್ ಆರಿಸಿಕೊಂಡು, ಎರಡೂ ಬದಿ ಕೇಳಿ, ಹೊಸ ಕರಡನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ಇಂತಿ,
ಸಂಪಾದಕ